ನಾಯಕ ಕೊಠಡಿಯಿಂದ ಹೊರನಡೆದ ಮೇಲೆ

ಜೂನ್ ತಿಂಗಳ ಮಳೆಯೊಂದಿಗೆ ಶಾಲೆಗಳು ತೆರೆದು ಕೆಲವು ವಾರಗಳಾಗುವಷ್ಟರಲ್ಲಿ ಗಡಿನಾಡಿನ ಪ್ರತಿಯೊಂದು ವಿದ್ಯಾಲಯದಲ್ಲೂ ಒಂದು ಪುಟ್ಟ ರಾಜ್ಯಾಡಳಿತವೇ ರೂಪುಗೊಳ್ಳುತ್ತದೆ. ತರಗತಿಗೊಬ್ಬ ನಾಯಕ, ಶಾಲೆಗೊಬ್ಬ ನಾಯಕಿ, ವಿದ್ಯಾರಂಗ ಕಲಾಸಾಹಿತ್ಯ ವೇದಿಕೆಗೆ ಸಂಚಾಲಕ, ವಿಜ್ಞಾನ ಸಂಘಕ್ಕೆ ಕಾರ್ಯದರ್ಶಿ. ಅಗಲ್ಪಾಡಿಯಂತಹ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಗುವಿಗೆ ಸಾರ್ವಜನಿಕ ಬದುಕಿನ ಮೊದಲ ಪಾಠ ದೊರೆಯುವುದು ಇಂತಹ ಪುಟ್ಟ ಹುದ್ದೆಗಳಲ್ಲಿಯೇ. ಅದೇ ಮಗು ಮುಂದೆ ಪುತ್ತೂರಿಗೋ ಮಂಗಳೂರಿಗೋ ಮೈಸೂರಿಗೋ ಉನ್ನತ ವಿದ್ಯಾಭ್ಯಾಸಕ್ಕೆ ತೆರಳಿದಾಗ ಅಲ್ಲಿನ ವಿದ್ಯಾರ್ಥಿ ಸಂಘದ ಹೊಣೆಯೂ ಅದರ ಹೆಗಲಿಗೇರಬಹುದು.

ಎಲ್ಲವೂ ಸರಿಯಾಗಿರುವಾಗ ಈ ಹೊಣೆ ಹಗುರವಾದದ್ದು. ಸ್ವಾಗತ ಭಾಷಣ, ವಾರ್ಷಿಕೋತ್ಸವ, ಒಂದು ಭಾವಚಿತ್ರ, ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ನಿಜವಾದ ಪರೀಕ್ಷೆ ಎದುರಾಗುವುದು ಬಿಕ್ಕಟ್ಟಿನ ವರ್ಷದಲ್ಲಿ. ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡವನ್ನರಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಕಗೊಂಡಾಗ ಮಕ್ಕಳೇ ಪಾಠ ಬಿಟ್ಟು ಅಂಗಳಕ್ಕಿಳಿದ ಸಂದರ್ಭಗಳು ಒಂದೆರಡಲ್ಲ. ಅಂತಹ ದಿನ ಎಲ್ಲರ ದೃಷ್ಟಿ ನಾಯಕನ ಮೇಲಿರುತ್ತದೆ. ಕೂಗುವುದೆಷ್ಟು, ಮಾತನಾಡುವುದೆಷ್ಟು, ಯಾರೊಡನೆ, ಯಾವಾಗ ನಿಲ್ಲಿಸುವುದು ಎಂಬುದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ.

ಮನುಷ್ಯರ ಮನಸ್ಸನ್ನೇ ಶಾಸ್ತ್ರವಾಗಿ ಅಭ್ಯಸಿಸುವ ವಿದ್ಯಾರ್ಥಿಗಳು ತಮ್ಮದೇ ಸಂಘಟನೆಯನ್ನು ಕಟ್ಟಿ, ಅದನ್ನು ಪ್ರಕ್ಷುಬ್ಧ ಕಾಲಗಳಲ್ಲಿ ನಡೆಸಿಕೊಂಡು ಬಂದ ಕಥೆ ಈ ದೃಷ್ಟಿಯಿಂದ ಗಮನಾರ್ಹವಾದುದು. ಅದು ನಡೆದದ್ದು ದೂರದ ಅಮೆರಿಕದಲ್ಲಿ. ಆದರೆ ಅದರ ಬೇರು ಹತ್ತು ವರ್ಷದ ಮಕ್ಕಳ ಒಂದು ಆಟದ ಸಂಘದಲ್ಲಿದೆಯಾದುದರಿಂದ ನಮ್ಮ ಶಾಲೆಗಳಿಗೆ ಅದು ಅಷ್ಟೇನೂ ಅಪರಿಚಿತವೆನಿಸದು.

ಮುಖವಾಡ ಮಾಡಿದ ಮಕ್ಕಳು

ಕರ್ಟ್ ಲೆವಿನ್ ಬರ್ಲಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ, ಜನ್ಮತಃ ಯಹೂದಿ. ತನ್ನ ಸಂಶೋಧನ ವಿದ್ಯಾರ್ಥಿಗಳೊಡನೆ ಉಪಾಹಾರಗೃಹದಲ್ಲಿ ಕುಳಿತು ಗಂಟೆಗಟ್ಟಲೆ ಚರ್ಚಿಸುವುದು ಆತನ ಪದ್ಧತಿ. ಗುರುಶಿಷ್ಯರೆಂಬ ಅಂತರವಿಲ್ಲದ ಆ ಮಾತುಕತೆಯಿಂದಲೇ ಹಲವು ಮಹತ್ವದ ಸಂಶೋಧನೆಗಳು ಮೂಡಿಬಂದವು. 1933ರಲ್ಲಿ ಹಿಟ್ಲರನ ಆಳ್ವಿಕೆ ಆರಂಭವಾದೊಡನೆ ಆ ಬಳಗ ಚದುರಿಹೋಯಿತು. ಲೆವಿನ್ ದೇಶ ಬಿಟ್ಟು ಅಮೆರಿಕವನ್ನು ಸೇರಿ, ಮುಂದೆ ಅಯೋವಾ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರದಲ್ಲಿ ನೆಲೆನಿಂತನು. ಸರ್ವಾಧಿಕಾರದ ಬಿಸಿಯನ್ನು ಸ್ವತಃ ಅನುಭವಿಸಿದ ಆತನಿಗೆ ಒಂದು ಪ್ರಶ್ನೆ ಕಾಡುತ್ತಿತ್ತು: ನಾಯಕನ ರೀತಿ ಬದಲಾದರೆ ಅದೇ ಜನರ ನಡತೆಯೂ ಬದಲಾಗುವುದೇ?

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಇಳಿಸಿದವನು ಆತನ ವಿದ್ಯಾರ್ಥಿ ರೊನಾಲ್ಡ್ ಲಿಪ್ಪಿಟ್. ಮಕ್ಕಳ ಪುಟ್ಟ ಸಂಘಗಳನ್ನು ರಚಿಸಿ, ನಾಟಕದ ಮುಖವಾಡಗಳನ್ನು ತಯಾರಿಸುವ ಕೆಲಸವನ್ನು ಅವುಗಳಿಗೆ ವಹಿಸಲಾಯಿತು. ಅನಂತರ ರಾಲ್ಫ್ ವೈಟ್ ಜೊತೆಗೂಡಿ ಹತ್ತರ ಆಸುಪಾಸಿನ ಹುಡುಗರ ನಾಲ್ಕು ಸಂಘಗಳೊಡನೆ ಪ್ರಯೋಗವನ್ನು ವಿಸ್ತರಿಸಲಾಯಿತು. 1939ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನಾಯಕರು ಮೂರು ವಿಧ. ಒಬ್ಬನು ಎಲ್ಲವನ್ನೂ ತಾನೇ ನಿರ್ಧರಿಸಿ ಆಜ್ಞೆ ಕೊಡುವವನು. ಇನ್ನೊಬ್ಬನು ಮಕ್ಕಳೊಡನೆ ಸಮಾಲೋಚಿಸಿ ಕೆಲಸ ಹಂಚುವವನು. ಮೂರನೆಯವನು ಯಾವುದಕ್ಕೂ ಕೈಹಾಕದೆ ಸುಮ್ಮನಿರುವವನು.

ಸುಮ್ಮನಿದ್ದವನ ಸಂಘದಲ್ಲಿ ಕೆಲಸ ನಡೆದದ್ದು ಕಡಿಮೆ, ಗಲಾಟೆ ಹೆಚ್ಚು. ಆಜ್ಞೆ ಕೊಡುವವನ ಕೈಕೆಳಗೆ ಕೆಲಸವೇನೋ ಸಾಗಿತು. ಆದರೆ ಕೆಲವು ಸಂಘಗಳಲ್ಲಿ ಮಕ್ಕಳು ಮೂಕರಂತೆ ಕುಳಿತರೆ ಇನ್ನು ಕೆಲವದರಲ್ಲಿ ಒಬ್ಬರಮೇಲೊಬ್ಬರು ಹರಿಹಾಯ್ದರು. ಅತ್ಯಂತ ಬೋಧಪ್ರದವಾದುದು ನಾಯಕನು ಕೊಠಡಿಯಿಂದ ಹೊರನಡೆದಾಗ ಕಂಡ ದೃಶ್ಯ. ಆಜ್ಞೆಯ ಸಂಘದಲ್ಲಿ ಅವನ ಬೆನ್ನು ಮರೆಯಾದೊಡನೆ ಕೆಲಸ ಕುಸಿಯಿತು. ಸಮಾಲೋಚನೆಯ ಸಂಘದಲ್ಲಿ ಮಕ್ಕಳು ಬಹುಮಟ್ಟಿಗೆ ಮೊದಲಿನಂತೆಯೇ ಮುಖವಾಡಗಳಿಗೆ ಬಣ್ಣ ಬಳಿಯುತ್ತ ಉಳಿದರು. ಕೆಲಸವು ಅಷ್ಟರಲ್ಲಿ ಅವರದೇ ಆಗಿತ್ತು.

ಕೆಲವೇ ಮಕ್ಕಳೊಡನೆ, ಒಂದೇ ಊರಿನಲ್ಲಿ ನಡೆದ ಈ ಪ್ರಯೋಗವನ್ನು ಜಗತ್ತಿಗೆಲ್ಲ ಅನ್ವಯಿಸುವ ನಿಯಮವೆಂದು ಭಾವಿಸಲಾಗದು. ಆದರೂ ವಿದ್ಯಾರ್ಥಿ ಸಂಘಟನೆಗಳ ಮಟ್ಟಿಗೆ ಅದು ಎತ್ತಿದ ಪ್ರಶ್ನೆ ಬಹಳ ಹರಿತವಾದುದು. ಏಕೆಂದರೆ ಇಲ್ಲಿ ನಾಯಕನು ಹೊರನಡೆಯುವುದು ಆಕಸ್ಮಿಕವಲ್ಲ. ವರ್ಷ ತುಂಬಿದೊಡನೆ ಆತ ಹೋಗಲೇಬೇಕು.

ಮನೆ ಒಡೆದಾಗ ಕಟ್ಟಿದ ಸಂಘ

ಅಮೆರಿಕದ ಮನೋವಿಜ್ಞಾನ ಸಂಘ 1892ರಲ್ಲಿ ಸ್ಥಾಪನೆಯಾದುದು. 1980ರ ದಶಕದ ವೇಳೆಗೆ ಅದರಲ್ಲಿ ಎರಡು ಬಣಗಳ ತಿಕ್ಕಾಟ ಬಲವಾಯಿತು. ಪ್ರಯೋಗಶಾಲೆಯಲ್ಲಿ ಸಂಶೋಧನೆ ನಡೆಸುವವರು ಒಂದು ಕಡೆ, ರೋಗಿಗಳಿಗೆ ಚಿಕಿತ್ಸೆ ನೀಡುವವರು ಇನ್ನೊಂದು ಕಡೆ. ಸಂಘವನ್ನು ಪುನಾರಚಿಸಿ ಇಬ್ಬರಿಗೂ ಸಲ್ಲುವಂತೆ ಮಾಡುವ ಯೋಜನೆಯನ್ನು 1988ರಲ್ಲಿ ಸದಸ್ಯರು ಮತದಾನದಲ್ಲಿ ತಿರಸ್ಕರಿಸಿದರು. ಕೂಡಲೇ ಸಂಶೋಧಕರ ಒಂದು ದೊಡ್ಡ ಗುಂಪು ಹೊರಬಂದು ಬೇರೆಯೇ ಸಂಘವನ್ನು ಕಟ್ಟಿತು. ಕೂಡುಕುಟುಂಬ ಪಾಲಾದಂತಹ ಸನ್ನಿವೇಶ.

ಅದೇ ವರ್ಷ, ಅದೇ ಬಿರುಗಾಳಿಯ ನಡುವೆ, ಡೇವಿಡ್ ಪೈಲನ್ ಮತ್ತು ಸ್ಕಾಟ್ ಮೆಶ್ ಎಂಬಿಬ್ಬರು ವಿದ್ಯಾರ್ಥಿಗಳ ಮುಂದಾಳ್ತನದಲ್ಲಿ ಮಾತೃಸಂಸ್ಥೆಯೊಳಗೇ ಉನ್ನತ ವ್ಯಾಸಂಗದ ವಿದ್ಯಾರ್ಥಿಗಳ ಪ್ರತ್ಯೇಕ ಸಂಘಟನೆ ಹುಟ್ಟಿತು. ಎ.ಪಿ.ಎ.ಜಿ.ಎಸ್. ಎಂಬ ಸಂಕ್ಷಿಪ್ತನಾಮದಿಂದ ಅದು ಪ್ರಸಿದ್ಧವಾಗಿದೆ. ಹಿರಿಯರು ಆಸ್ತಿ ವಿಭಜನೆಯ ಜಗಳದಲ್ಲಿ ಮುಳುಗಿರುವಾಗ, ಯಾವ ಬಣ ಗೆದ್ದರೂ ಸೋತರೂ ಕೊನೆಗೆ ಆ ಮನೆಯಲ್ಲಿ ಬಾಳಬೇಕಾದವರು ತಾವೇ ಎಂಬ ಅರಿವು ಕಿರಿಯರಿಗಿದ್ದರೆ ಆಶ್ಚರ್ಯವಿಲ್ಲ.

ಆ ಸಂಘಟನೆಯ ಒಂದು ಏರ್ಪಾಡು ವಿಶೇಷವಾದುದು. ಅದರ ಅಧ್ಯಕ್ಷಸ್ಥಾನವು ಮೂರು ವರ್ಷಗಳ ಸರಪಣಿ. ಮೊದಲ ವರ್ಷ ನಿಯೋಜಿತ ಅಧ್ಯಕ್ಷರಾಗಿ ಕಲಿಕೆ, ಎರಡನೆಯ ವರ್ಷ ಅಧ್ಯಕ್ಷರಾಗಿ ಕಾರ್ಯ, ಮೂರನೆಯ ವರ್ಷ ನಿಕಟಪೂರ್ವ ಅಧ್ಯಕ್ಷರಾಗಿ ಸಲಹೆ. ಹೀಗೆ ಯಾವ ಹೊತ್ತಿನಲ್ಲೂ ಮೂವರು ಜೊತೆಗಿರುತ್ತಾರೆ: ಬರುತ್ತಿರುವವರು, ನಡೆಸುತ್ತಿರುವವರು, ಬಿಟ್ಟುಕೊಡುತ್ತಿರುವವರು. ಮುಖವಾಡ ಮಾಡಿದ ಮಕ್ಕಳ ಪಾಠವನ್ನು ನಿಯಮಾವಳಿಯೊಳಗೇ ಬರೆದಿಟ್ಟಂತಹ ವ್ಯವಸ್ಥೆ ಇದು. ನಾಯಕ ಹೊರನಡೆಯುವ ದಿನಕ್ಕೆ ಸಿದ್ಧತೆ ಆತ ಒಳಬಂದ ದಿನವೇ ಆರಂಭವಾಗುತ್ತದೆ.

ಒಂದೇ ಸ್ಥಾನಕ್ಕೆ ಸ್ನೇಹಿತರೇ ಸ್ಪರ್ಧಿಗಳಾದಾಗ

ಅಮೆರಿಕದಲ್ಲಿ ಚಿಕಿತ್ಸಾ ಮನೋವಿಜ್ಞಾನದ ಡಾಕ್ಟರೇಟ್ ಪಡೆಯಬೇಕಾದರೆ ಒಂದು ವರ್ಷ ಆಸ್ಪತ್ರೆಯಲ್ಲೋ ಚಿಕಿತ್ಸಾಲಯದಲ್ಲೋ ಇಂಟರ್ನ್‌ಶಿಪ್ ಕಡ್ಡಾಯ. ಅಭ್ಯರ್ಥಿಗಳು ಬಯಸುವ ಸ್ಥಳಗಳನ್ನೂ ಸಂಸ್ಥೆಗಳು ಬಯಸುವ ಅಭ್ಯರ್ಥಿಗಳನ್ನೂ ಗಣಕಯಂತ್ರದ ಮೂಲಕ ತಾಳೆಹಾಕಿ ಪ್ರತಿವರ್ಷ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟಿಸುತ್ತಾರೆ. ಅಭ್ಯರ್ಥಿಗಳ ಸಂಖ್ಯೆ ಏರುತ್ತ ಹೋದಂತೆ ಸ್ಥಾನಗಳು ಸಾಲದಾದವು. 2012ರ ಮೊದಲ ಸುತ್ತಿನಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಎಲ್ಲಿಯೂ ಸ್ಥಾನ ದೊರೆಯಲಿಲ್ಲ. ವರ್ಷಗಟ್ಟಲೆ ಓದಿ, ಸಾಲ ಮಾಡಿ, ಕೊನೆಯ ಮೆಟ್ಟಿಲಲ್ಲಿ ನಿಂತವರು ಮತ್ತೊಂದು ವರ್ಷ ಕಾಯಬೇಕಾದ ಸ್ಥಿತಿ.

ಇಂತಹ ವೇಳೆ ವಿದ್ಯಾರ್ಥಿ ನಾಯಕನ ಪಾಡೇನು? ಸದಸ್ಯರೆಲ್ಲರೂ ಪರಸ್ಪರ ಪ್ರತಿಸ್ಪರ್ಧಿಗಳು. ಸ್ಥಾನ ಸಿಕ್ಕವನಿಗೆ ಹೋರಾಟದ ಅಗತ್ಯ ಉಳಿದಿಲ್ಲ. ಸಿಗದವನಿಗೆ ಹೋರಾಡುವ ತ್ರಾಣವಿಲ್ಲ. ನಾಯಕನೂ ಅದೇ ಸಾಲಿನಲ್ಲಿ ನಿಂತ ಒಬ್ಬ ಅಭ್ಯರ್ಥಿ. ಸಮಸ್ಯೆಯನ್ನು ವ್ಯಕ್ತಿಯ ಸೋಲಾಗಿ ನೋಡಿದರೆ ಸಂಘಟನೆ ಅಲ್ಲಿಗೇ ಮುಗಿಯಿತು. ಅದನ್ನು ಲೆಕ್ಕವಾಗಿ, ವ್ಯವಸ್ಥೆಯ ಕೊರತೆಯಾಗಿ ಮುಂದಿಟ್ಟಾಗ ಮಾತ್ರ ಹಿರಿಯರು ಕಿವಿಗೊಡುವುದು ಅನಿವಾರ್ಯವಾಗುತ್ತದೆ. ವಿದ್ಯಾರ್ಥಿ ಸಂಘಟನೆ ಈ ವಿಚಾರವನ್ನು ವರ್ಷದಿಂದ ವರ್ಷಕ್ಕೆ ಕೈಬಿಡದೆ ಎತ್ತುತ್ತ ಬಂದಿತು. 2012ರಲ್ಲಿ ಮಾತೃಸಂಸ್ಥೆಯು ಹೊಸ ಇಂಟರ್ನ್‌ಶಿಪ್ ಸ್ಥಾನಗಳನ್ನು ಸೃಷ್ಟಿಸಲು 30 ಲಕ್ಷ ಡಾಲರುಗಳ ನೆರವಿಗೆ ಸಮ್ಮತಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಸ್ಥಾನಗಳ ಸಂಖ್ಯೆ ಅಭ್ಯರ್ಥಿಗಳ ಸಂಖ್ಯೆಗೆ ಸರಿಸಮವಾಗುತ್ತ ಬಂತು. ಬೇಡಿಕೆಯನ್ನು ಮೊದಲು ಬರೆದವರಾರೂ ಅದರ ಫಲವನ್ನು ಉಣ್ಣಲಿಲ್ಲ. ಅವರು ಅಷ್ಟರಲ್ಲಿ ವಿದ್ಯಾರ್ಥಿಗಳಾಗಿ ಉಳಿದಿರಲಿಲ್ಲ.

ಹಿರಿಯರೇ ತಪ್ಪಿದಾಗ

ಇದಕ್ಕಿಂತ ಕಠಿಣವಾದ ಗಳಿಗೆ 2015ರಲ್ಲಿ ಬಂದಿತು. ಸೆರೆಯಾಳುಗಳ ಕ್ರೂರ ವಿಚಾರಣೆಗಳಿಗೆ ಅನುಕೂಲವಾಗುವಂತೆ ಅಮೆರಿಕದ ಮನೋವಿಜ್ಞಾನ ಸಂಘದ ಕೆಲವು ಅಧಿಕಾರಿಗಳು ರಕ್ಷಣಾ ಇಲಾಖೆಯೊಡನೆ ಕೈಜೋಡಿಸಿ ವೃತ್ತಿನೀತಿಯ ಮಾರ್ಗಸೂಚಿಗಳನ್ನು ಸಡಿಲವಾಗಿಟ್ಟಿದ್ದರೆಂದು, ಸಂಘವೇ ನೇಮಿಸಿದ್ದ ವಕೀಲ ಡೇವಿಡ್ ಹಾಫ್‌ಮನ್ ಅವರ ವರದಿ ಜುಲೈ ತಿಂಗಳಲ್ಲಿ ಬಹಿರಂಗವಾಯಿತು. ಅದರಲ್ಲಿ ಹೆಸರಿಸಲ್ಪಟ್ಟ ಕೆಲವರು ವರದಿಯ ತೀರ್ಮಾನಗಳನ್ನು ಪ್ರಶ್ನಿಸಿದರು. ಆದರೂ ವೃತ್ತಿಯ ನೈತಿಕ ಬುನಾದಿಯೇ ಅಲುಗಿದಂತಾಯಿತು. ಮರುತಿಂಗಳು ಟೊರಾಂಟೊ ನಗರದಲ್ಲಿ ಸೇರಿದ ಸಂಘದ ಪ್ರತಿನಿಧಿ ಸಭೆ, ರಾಷ್ಟ್ರೀಯ ಭದ್ರತೆಯ ವಿಚಾರಣೆಗಳಲ್ಲಿ ಮನೋವಿಜ್ಞಾನಿಗಳು ಪಾಲ್ಗೊಳ್ಳುವುದನ್ನು 1ರ ವಿರುದ್ಧ 157 ಮತಗಳಿಂದ ನಿಷೇಧಿಸಿತು.

‘ಅನ್ಯರಿಗೆ ಕೇಡು ಮಾಡಬಾರದು’ ಎಂಬ ಮೊದಲ ಪಾಠವನ್ನು ತರಗತಿಯಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿಗಳಿಗೆ, ಆ ಪಾಠವನ್ನು ಬರೆದ ಸಂಸ್ಥೆಯೇ ಎಡವಿತೆಂಬ ಸುದ್ದಿ ಎಂತಹ ಆಘಾತವಾಗಿದ್ದೀತು! ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿ ನಾಯಕನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ಹಿರಿಯರ ಮರ್ಯಾದೆ ಉಳಿಸಲೆಂದು ಎಲ್ಲವನ್ನೂ ಮುಚ್ಚಿಡುವುದು ಒಂದು; ಕೋಪದ ಅಲೆಯನ್ನೇರಿ ಸಂಸ್ಥೆಯನ್ನೇ ಬಿಟ್ಟುಹೋಗುವುದು ಇನ್ನೊಂದು. ಮೊದಲನೆಯದರಿಂದ ಕಿರಿಯರ ವಿಶ್ವಾಸ ಹೋಗುತ್ತದೆ. ಎರಡನೆಯದರಿಂದ ತಿದ್ದುವ ಅವಕಾಶ ಹೋಗುತ್ತದೆ. ಕಷ್ಟದ ದಾರಿ ಮೂರನೆಯದು: ನಡೆದುದನ್ನು ನಡೆದಂತೆಯೇ ಸದಸ್ಯರಿಗೆ ತಿಳಿಸಿ, ಅವರ ಸಿಟ್ಟನ್ನು ಪೂರ್ತಿಯಾಗಿ ಕೇಳಿ, ಅದನ್ನು ಪ್ರಶ್ನೆಗಳಾಗಿ ಬರೆದು ಹಿರಿಯರ ಮೇಜಿನ ಮೇಲಿಡುವುದು.

ತಲಪಾಡಿಯ ಈಚೆಗಿನ ಬಿಕ್ಕಟ್ಟುಗಳು

ಮನೋವಿಜ್ಞಾನವನ್ನು ಆಯ್ದುಕೊಂಡ ನಮ್ಮ ನಾಡಿನ ವಿದ್ಯಾರ್ಥಿಗಳಿಗೂ ಈಚಿನ ವರ್ಷಗಳು ನೆಮ್ಮದಿಯವಾಗಿರಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ಮತ್ತು ಕಾಲೇಜುಗಳನ್ನೇ ನಂಬಿದ್ದ ಕಾಸರಗೋಡಿನ ಜನರಿಗೆ ಎರಡೂ ಏಕಕಾಲದಲ್ಲಿ ಕೈತಪ್ಪಿದವು. 2021ರಲ್ಲಿ ಗಡಿ ದಾಟಲು ಕೋವಿಡ್ ಪರೀಕ್ಷೆಯ ವರದಿ ಕಡ್ಡಾಯವಾದಾಗ ದಿನನಿತ್ಯ ಓಡಾಡುವ ವಿದ್ಯಾರ್ಥಿಗಳು ಮತ್ತೆ ಕಂಗೆಟ್ಟರು.

ಅದರ ಬೆನ್ನಿಗೇ ವ್ಯಾಸಂಗದ ನಿಯಮಗಳೂ ಬದಲಾದವು. ಚಿಕಿತ್ಸಾ ಮನೋವಿಜ್ಞಾನಿಯಾಗಲು ನಮ್ಮ ದೇಶದಲ್ಲಿ ಬಹುಕಾಲದಿಂದ ಇದ್ದ ಮುಖ್ಯ ದಾರಿ ಎಂ.ಫಿಲ್. ಪದವಿ. ಎಂ.ಫಿಲ್. ಪದವಿಯನ್ನೇ ರದ್ದುಗೊಳಿಸುವ ನಿಯಮಾವಳಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರಲ್ಲಿ ಹೊರಡಿಸಿತು. ಬಳಿಕ ಚಿಕಿತ್ಸಾ ಮನೋವಿಜ್ಞಾನಕ್ಕೆ 2025-26ನೇ ಶೈಕ್ಷಣಿಕ ವರ್ಷದವರೆಗೆ ವಿನಾಯಿತಿ ದೊರೆಯಿತು. ಮನೋವಿಜ್ಞಾನವನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಬೋಧಿಸುವುದನ್ನು 2025ರ ಜುಲೈ-ಆಗಸ್ಟ್ ಅವಧಿಯಿಂದ ನಿಲ್ಲಿಸುವಂತೆಯೂ ಆಯೋಗ ಸೂಚಿಸಿತು. ರೋಗಿಯೊಡನೆ ಎದುರುಬದುರು ಕುಳಿತು ಕಲಿಯಬೇಕಾದ ವಿದ್ಯೆಯನ್ನು ಅಂಚೆಯಲ್ಲಿ ಕಲಿಸಲಾಗದೆಂಬ ವಾದದಲ್ಲಿ ಹುರುಳಿದೆ. ಆದರೆ ಮನೆಯ ಜವಾಬ್ದಾರಿಯ ನಡುವೆ, ತೋಟದ ಕೆಲಸದ ನಡುವೆ, ದೂರಶಿಕ್ಷಣದ ಬಲದಿಂದಲೇ ಓದು ಮುಂದುವರಿಸಬಯಸುವ ಹಳ್ಳಿಯ ಹೆಣ್ಣುಮಗಳಿಗೆ ಒಂದು ಬಾಗಿಲು ಮುಚ್ಚಿದುದೂ ನಿಜ.

ಇಂತಹ ಪ್ರಕಟಣೆ ಹೊರಬಿದ್ದ ಸಂಜೆ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಏನಾಗುತ್ತದೆಂಬುದನ್ನು ಯಾರಾದರೂ ಊಹಿಸಬಹುದು. ‘ನಮ್ಮ ಪದವಿ ಇನ್ನು ಕಾಗದದ ಚೂರು’ ಎನ್ನುವವರೊಬ್ಬರು, ‘ಏನೂ ಆಗುವುದಿಲ್ಲ’ ಎನ್ನುವವರೊಬ್ಬರು. ನಾಯಕನು ಅಂದು ಮಾಡಬೇಕಾದ ಮೊದಲ ಕೆಲಸ ತೀರಾ ಸಾಮಾನ್ಯವಾದುದು. ಮೂಲ ಆದೇಶವನ್ನು ತಾನು ಪೂರ್ತಿ ಓದುವುದು. ಅದು ಯಾರಿಗೆ, ಯಾವ ವರ್ಷದಿಂದ ಅನ್ವಯಿಸುತ್ತದೆ ಎಂಬುದನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಬರೆಯುವುದು. ಸ್ಪಷ್ಟವಿಲ್ಲದ ಅಂಶಗಳನ್ನು ಪ್ರತ್ಯೇಕಿಸಿ ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ಕೇಳುವುದು. ಉತ್ತರ ಬಂದ ದಿನ ಅದನ್ನು ಎಲ್ಲರಿಗೂ ಒಂದೇ ಸಮಯಕ್ಕೆ ತಿಳಿಸುವುದು. ವೀರಾವೇಶದ ಭಾಷಣಕ್ಕಿಂತ ಈ ನಾಲ್ಕು ವಾಕ್ಯಗಳು ಹೆಚ್ಚು ಜನರ ನಿದ್ದೆಯನ್ನು ಉಳಿಸಬಲ್ಲವು.

ಗಡಿನಾಡಿನ ಕನ್ನಡ ಮಕ್ಕಳಿಗೆ ಇದು ಹೊಸ ಕೌಶಲವಲ್ಲ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ ಅಥವಾ ಮರಾಟಿ; ತರಗತಿಯಲ್ಲಿ ಕನ್ನಡ; ಕಚೇರಿಯಲ್ಲಿ ಮಲಯಾಳ; ಅರ್ಜಿಯಲ್ಲಿ ಇಂಗ್ಲಿಷ್. ಮಲಯಾಳದಲ್ಲಿ ಬಂದ ಸುತ್ತೋಲೆಯನ್ನು ಅಪ್ಪ ಅಮ್ಮನಿಗೆ ಓದಿ ತಿಳಿಯಹೇಳುವ ಕೆಲಸವನ್ನು ಎಷ್ಟೋ ಮಕ್ಕಳು ಎಳವೆಯಿಂದಲೇ ಮಾಡುತ್ತ ಬಂದಿದ್ದಾರೆ. ಒಂದು ಭಾಷೆಯಲ್ಲಿ ಹೊರಟ ಆಜ್ಞೆಯನ್ನು ಇನ್ನೊಂದು ಭಾಷೆಯ ಮನಸ್ಸಿಗೆ ಮುಟ್ಟಿಸುವ ಈ ಅಭ್ಯಾಸ ಸಂಘಟನೆಯ ನಾಯಕತ್ವಕ್ಕೆ ದೊರೆತ ಬಹುದೊಡ್ಡ ಬಂಡವಾಳ.

ಕನ್ನಡನಾಡಿನ ಮನೋವಿಜ್ಞಾನದ ಇತಿಹಾಸದಲ್ಲಿಯೂ ಇದಕ್ಕೊಂದು ಮೇಲ್ಪಂಕ್ತಿಯಿದೆ. 1924ರಲ್ಲಿ ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ಪುಟ್ಟದೊಂದು ಪ್ರೇಷಕವನ್ನಿರಿಸಿ ಬಾನುಲಿ ಕೇಂದ್ರವನ್ನು ಆರಂಭಿಸಿದವರು. ‘ಆಕಾಶವಾಣಿ’ ಎಂಬ ಹೆಸರು ರೂಢಿಗೆ ಬಂದದ್ದು ಆ ಕೇಂದ್ರದಿಂದ. ಮನಸ್ಸಿನ ಶಾಸ್ತ್ರವನ್ನು ಬೋಧಿಸಿದವರಿಗೆ, ಮಾತು ಎಲ್ಲರ ಕಿವಿಗೂ ತಲುಪಬೇಕೆಂಬ ಕಾಳಜಿಯೂ ಸಹಜವಾಗಿಯೇ ಇತ್ತೆಂದು ತೋರುತ್ತದೆ.

ಮನೆಯವರ ಪಾತ್ರ

ಹೆಗಲ ಮೇಲೆ ಹೊಣೆ ಹೊತ್ತ ಮಗುವಿನ ಬಗ್ಗೆ ಹೆತ್ತವರಿಗೆ ಹೆಮ್ಮೆಯೂ ಇರುತ್ತದೆ, ಅಳುಕೂ ಇರುತ್ತದೆ. ‘ಓದಲಿಕ್ಕೆ ಕಳಿಸಿದ್ದು, ಸಂಘ ಕಟ್ಟಲಿಕ್ಕಲ್ಲ’ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಅಂಕಗಳ ಚಿಂತೆ ತಪ್ಪಲ್ಲ. ಆದರೆ ಬಿಕ್ಕಟ್ಟಿನ ದಿನಗಳಲ್ಲಿ ಮಗುವಿಗೆ ಬೇಕಾದುದು ತೀರ್ಪಿಗಿಂತ ಕಿವಿ. ‘ಇವತ್ತು ಏನಾಯಿತು?’ ಎಂದು ಕೇಳಿ ಸುಮ್ಮನೆ ಕುಳಿತರೆ ಅರ್ಧ ಭಾರ ಇಳಿಯುತ್ತದೆ. ಎಲ್ಲರ ದೂರನ್ನು ಕೇಳುವ ನಾಯಕಿಯ ದೂರನ್ನು ಕೇಳುವವರು ಸಂಘದೊಳಗೆ ಯಾರೂ ಇರುವುದಿಲ್ಲ. ಆ ಸ್ಥಾನ ಮನೆಯದು.

ನಿದ್ದೆ ಕೆಡುವುದು, ಊಟ ಸೇರದಿರುವುದು, ಗೆಳೆಯರಿಂದ ದೂರವಾಗುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ದೃಷ್ಟಿ ತಗುಲಿದ್ದೆಂದೋ ಸೋಮಾರಿತನವೆಂದೋ ತಳ್ಳಿಹಾಕಬಾರದು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೂ ಶುಲ್ಕವಿಲ್ಲದೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಕ ಕೇಂದ್ರ. ಸೇವೆ ಲಭ್ಯವಿರುವ ಭಾಷೆಗಳಲ್ಲಿ ಕನ್ನಡವೂ ಒಂದು. ದುಃಖವನ್ನು ಪರಭಾಷೆಯಲ್ಲಿ ಅರ್ಧ ಮಾತ್ರ ಹೇಳಿಕೊಳ್ಳಲು ಸಾಧ್ಯ. ಕನ್ನಡ ಮಾಧ್ಯಮದಲ್ಲಿ ಓದಿದ ನಾಲ್ಕು ಮಕ್ಕಳಾದರೂ ಈ ವಿದ್ಯೆಯನ್ನು ಕಲಿತು ಊರಿಗೆ ಮರಳಿದರೆ ಗಡಿನಾಡಿಗೆ ಆಗುವ ಉಪಕಾರ ಸಣ್ಣದಲ್ಲ. ಹಾಗೆ ಮರಳುವವರೆಗಿನ ಬಿರುಗಾಳಿಗಳನ್ನು ದಾಟಲು ಅವರಿಗೆ ಒಳ್ಳೆಯ ಸಂಘಟನೆಯೂ ಬೇಕು.

ಅದರ ಅಭ್ಯಾಸವನ್ನು ಶಾಲೆಯಿಂದಲೇ ಆರಂಭಿಸಬಹುದು. ಪ್ರತಿಯೊಂದು ಸಂಘಕ್ಕೂ ಒಂದು ನೂರು ಪುಟದ ನೋಟುಪುಸ್ತಕ ಸಾಕು. ಯಾವ ದಿನ ಯಾರು ಏನು ಕೇಳಿದರು, ಮುಖ್ಯೋಪಾಧ್ಯಾಯರು ಏನು ಉತ್ತರಿಸಿದರು, ಯಾವುದು ಬಾಕಿ ಉಳಿಯಿತು, ಎಷ್ಟು ರೂಪಾಯಿ ಖರ್ಚಾಯಿತು ಎಂಬುದು ಅದರಲ್ಲಿರಲಿ. ಎಂಟನೆಯ ತರಗತಿಯ ಒಬ್ಬಳನ್ನು ಹತ್ತನೆಯವಳು ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಬರೆಯಿಸಲಿ. ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಹತ್ತನೆಯವಳು ಶಾಲೆ ಬಿಟ್ಟುಹೋಗುತ್ತಾಳೆ. ಬಾಕಿ ಉಳಿದ ಬೇಡಿಕೆ ಯಾವುದು, ಅದನ್ನು ಯಾರ ಬಳಿ ಕೇಳಬೇಕು ಎಂಬುದು ಮುಂದಿನ ಜೂನ್ ತಿಂಗಳಲ್ಲಿ ಆ ಕಿರಿಯಳಿಗೆ ಗೊತ್ತಿರುತ್ತದೆ.